‘ಉಪ್ಪು ಹಾಕಿದ್ರ ಸಾಕು’ ಅನ್ನುವ ಪೂಲ್ ಗುತ್ತಿಗೆದಾರರ ಮಾತು ನಂಬಬೇಡಿ

ವಿಜಯಪುರ ಜಿಲ್ಲೆಯ ತಿಕೋಟಾ, ಅಥಣಿ ರಸ್ತೆ ಕಡೆ ತೋಟದ ಮನೆ ಕಟ್ಟಿ ಬಾಡಿಗೆಗೆ ಕೊಡಬೇಕು ಅಂತ ಯೋಚಿಸುತ್ತಿರುವವರು ಇದನ್ನು ಓದಲೇಬೇಕು. ಅದರಲ್ಲೂ ಯಾರಾದರೂ ನಿಮ್ಮ ಬಳಿ ಬಂದು ಉಪ್ಪುನೀರಿನ ಸ್ವಿಮ್ಮಿಂಗ್ ಪೂಲ್ ಮಾಡಿಕೊಡುತ್ತೇವೆ, ಕ್ಲೋರಿನ್ ತಾಪತ್ರಯವೇ ಇಲ್ಲ ಅಂದಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಕಾಕಾನ ದ್ರಾಕ್ಷಿ ತೋಟದಲ್ಲಿ ಕಳೆದ ಬೇಸಿಗೆಯಲ್ಲಿ ಏನಾಯ್ತು ಅಂತ ಹೇಳುತ್ತೇನೆ. ಗುತ್ತಿಗೆದಾರರ ಹೆಸರು ಹೇಳುವುದಿಲ್ಲ. ಹೆಸರು ಬೇರೆಯಾದರೂ ಇಂಥವರೆಲ್ಲ ಹೇಳುವ ಮಾತು ಒಂದೇ.

ಅವತ್ತು ಆ ಮನುಷ್ಯ ಹೇಳಿದ್ದು ಹೀಗೆ: "ಕ್ಲೋರಿನ್ ಹಾಕೋದ ಬ್ಯಾಡ್ರಿ ಸಾವ್ಕಾರ್ರ. ಬರೇ ಉಪ್ಪು ಹಾಕಿ ಮಷಿನ್ ಚಾಲೂ ಮಾಡಿದ್ರ ಮುಗೀತು. ವರ್ಷಗಟ್ಟಲೆ ನೋಡೂದ ಬ್ಯಾಡ."

ಇದು ಅರ್ಧ ನಿಜವೂ ಅಲ್ಲ. ಉಪ್ಪುನೀರಿನ ಪೂಲ್ ಅಂದರೆ ಕ್ಲೋರಿನ್ ಇಲ್ಲದ ಪೂಲ್ ಅಲ್ಲ. ಕ್ಲೋರಿನ್ನನ್ನು ಅಲ್ಲೇ ತಯಾರು ಮಾಡಿಕೊಳ್ಳುವ ಪೂಲ್, ಅಷ್ಟೇ. ಪಂಪಿನ ಪೈಪಿನಲ್ಲಿ ಒಂದು ಸೆಲ್ ಕೂರಿಸಿರುತ್ತಾರೆ. ಅದರೊಳಗೆ ಟೈಟಾನಿಯಂ ತಗಡುಗಳಿರುತ್ತವೆ. ಅವುಗಳಿಗೆ ಕರೆಂಟ್ ಹರಿಸಿದಾಗ ಉಪ್ಪಿನಿಂದ ಕ್ಲೋರಿನ್ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ. ತನ್ನ ಕೆಲಸ ಮುಗಿದ ಮೇಲೆ ಅದು ಮತ್ತೆ ಉಪ್ಪೇ ಆಗುತ್ತದೆ. ಹಾಗಾಗಿ ಉಪ್ಪು ಖರ್ಚಾಗುವುದು ಕಡಿಮೆ. ಫಿಲ್ಟರ್ ತೊಳೆದಾಗ, ನೀರು ಹೊರಗೆ ಚೆಲ್ಲಿದಾಗ ಹೋದಷ್ಟನ್ನು ತುಂಬಿದರೆ ಸಾಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಇಂಥ ಪೂಲ್‌ನಲ್ಲಿ 3ರಿಂದ 4 ಗ್ರಾಂ. ಬಾಯಿಗೆ ಹಾಕಿದರೂ ಅಷ್ಟು ಗೊತ್ತಾಗಲ್ಲ. ತಂತ್ರಜ್ಞಾನ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ‘ನೋಡೂದ ಬ್ಯಾಡ’ ಅನ್ನುವ ಮಾತಿನ ಬಗ್ಗೆ.

ಕಾಕಾನ ಪೂಲ್ ಸುಮಾರು 60,000 ಲೀಟರಿನದು. ಗುತ್ತಿಗೆದಾರ 190 ಕೆಜಿಯಷ್ಟು ಉಪ್ಪು ಸುರಿಸಿದ. ಬೋರ್ ನೀರನ್ನು ಪರೀಕ್ಷೆ ಮಾಡಿಸಲೇ ಇಲ್ಲ. ನಮ್ಮ ಜಿಲ್ಲೆಯ ಬೋರ್ ನೀರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಡೋಣಿ ಸಾಲಿನಲ್ಲಂತೂ ಹೊಳೆಯ ನೀರೇ ಉಪ್ಪು. ನಮ್ಮ ಬೋರ್ ನೀರು ಅಷ್ಟು ಉಪ್ಪಲ್ಲದಿದ್ದರೂ ಗಡಸು. ಬಕೆಟ್ಟಿಗೆ ಬಿಳಿ ಪದರ ಕಟ್ಟುವಂಥದ್ದು. ಮಷಿನ್ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಮೊದಲೇ ಇರುವ ಬೇರೆ ಲವಣಗಳೂ ಆ ಲೆಕ್ಕದಲ್ಲಿ ಸೇರಿಬಿಡುತ್ತವೆ. ಡ್ರಿಪ್ ಹಾಕಿದ ರೈತರ ಹತ್ತಿರ ಇಸಿ (ವಿದ್ಯುತ್ ವಾಹಕತೆ) ಅಳೆಯುವ ಮೀಟರ್ ಇರುತ್ತದಲ್ಲ, ಅದೇ ಕೆಲಸ. ಮಷಿನ್ ಮೇಲೆ ಹಸಿರು ದೀಪ ಬಂತು ಅಂದರೆ ಉಪ್ಪು ಸಾಕಷ್ಟಿದೆ ಅಂತ ಮಾತ್ರ ಅರ್ಥ. ಕ್ಲೋರಿನ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಇಲ್ಲ. ಕೆಲಸದವರೆಲ್ಲ ಆ ದೀಪ ನೋಡಿಕೊಂಡೇ ಎರಡು ತಿಂಗಳು ಕಳೆದರು.

ಈಗ ಲೆಕ್ಕ ನೋಡಿ. ಆ ಸೆಲ್ ತಾಸಿಗೆ 20 ಗ್ರಾಂ ಕ್ಲೋರಿನ್ ಕೊಡುವಂಥದ್ದು. 60,000 ಲೀಟರಿನಲ್ಲಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಏರಿಸಬೇಕಾದರೆ 60 ಗ್ರಾಂ ಬೇಕು. ಅಂದರೆ ಮೂರು ತಾಸು ಪಂಪ್ ಓಡಬೇಕು. ಪಂಪ್ ನಿಂತರೆ ಸೆಲ್ ಕೂಡ ನಿಲ್ಲುತ್ತದೆ, ನಿಲ್ಲಲೇಬೇಕು. ತೋಟದ ತ್ರೀಫೇಸ್ ಕರೆಂಟ್ ಯಾವಾಗ ಬರುತ್ತದೆ, ಎಷ್ಟು ತಾಸು ಇರುತ್ತದೆ ಅಂತ ನಿಮಗೇ ಗೊತ್ತು. ಅದರ ಮೇಲೆ ನಮ್ಮ ಏಪ್ರಿಲ್-ಮೇ ಬಿಸಿಲು. ಸೂರ್ಯನ ಬೆಳಕು ಕ್ಲೋರಿನ್ನನ್ನು ಒಡೆದು ಹಾಕುತ್ತದೆ. ಅದನ್ನು ಕಾಪಾಡಲು ನೀರಿಗೆ ಸೈನೂರಿಕ್ ಆ್ಯಸಿಡ್ ಹಾಕಬೇಕು. ಅಂಗಡಿಯವರು ಇದನ್ನು ಸ್ಟೆಬಿಲೈಜರ್ ಅನ್ನುತ್ತಾರೆ. ಬಯಲಿನಲ್ಲಿರುವ ಉಪ್ಪುನೀರಿನ ಪೂಲ್‌ಗೆ 60ರಿಂದ 80 ಪಿಪಿಎಂ ಇದ್ದರೆ ಚೆನ್ನ. ಅದಿಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಅರ್ಧ ಕ್ಲೋರಿನ್ ಒಂದು ತಾಸಿನೊಳಗೇ ಹೋಗಿಬಿಡುತ್ತದೆ. ಮೂರು ತಾಸಿನ ದುಡಿಮೆ, ಒಂದು ತಾಸಿನಲ್ಲಿ ಅರ್ಧ ಮಾಯ! ಗುತ್ತಿಗೆದಾರ ಸ್ಟೆಬಿಲೈಜರ್ ಹಾಕಿರಲಿಲ್ಲ. ಅದರ ಹೆಸರನ್ನೂ ಎತ್ತಿರಲಿಲ್ಲ.

ಮೊದಮೊದಲು ನೀರು ಚಂದವೇ ಇತ್ತು. ಆಮೇಲೆ ಗೋಡೆ ಮುಟ್ಟಿದರೆ ಜಾರುತ್ತಿತ್ತು. ಮೂಲೆಯಲ್ಲಿ ಹಸಿರು ಕಾಣಿಸಿತು. ಸೋಲಾಪುರದಿಂದ ಬಂದಿದ್ದ ಒಂದು ಕುಟುಂಬದ ಮಕ್ಕಳ ಕಣ್ಣು ಕೆಂಪಾದವು. ಇನ್ನೊಂದು ಮಗುವಿಗೆ ಕಿವಿನೋವು ಅಂತ ಮರುದಿನ ಫೋನ್ ಬಂತು. ನೀರಿನಿಂದ ಗಾಢ ಕ್ಲೋರಿನ್ ವಾಸನೆ. ಗುತ್ತಿಗೆದಾರನಿಗೆ ಫೋನ್ ಮಾಡಿದರೆ, "ಕ್ಲೋರಿನ್ ಜಾಸ್ತಿ ಆಗೇತ್ರಿ, ಮಷಿನ್ ಕಡಿಮಿ ಮಾಡ್ರಿ" ಅಂದ.

ಇಲ್ಲಿ ನಿಲ್ಲಿ. ಮಂದಿ ಮೋಸ ಹೋಗುವ ಜಾಗ ಇದೇ. ಚೊಕ್ಕ ಪೂಲ್‌ಗೆ ಅಷ್ಟು ವಾಸನೆ ಇರುವುದಿಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಆಗುತ್ತದೆ. ಮೂಗಿಗೆ ಹೊಡೆಯುವುದೂ ಕಣ್ಣು ಉರಿಸುವುದೂ ಅದೇ. ವಾಸನೆ ಜಾಸ್ತಿ ಅಂದರೆ ಸಾಮಾನ್ಯವಾಗಿ ಕೆಲಸ ಮಾಡುವ ಕ್ಲೋರಿನ್ ಸಾಲುತ್ತಿಲ್ಲ ಅಂತ ಅರ್ಥ. ನಮ್ಮವರು ಅವನ ಮಾತು ಕೇಳಿ ಮಷಿನ್ ಕಡಿಮೆ ಮಾಡಿದರು. ವಾರದೊಳಗೆ ನೀರು ಹಸಿರಾಗಿ ತಳವೇ ಕಾಣದಂತಾಯ್ತು. ಬುಕಿಂಗ್ ನೋಡಿಕೊಳ್ಳುವವನು ನಾನು. ಅಷ್ಟೂ ಜನರಿಗೆ ದುಡ್ಡು ವಾಪಸ್ ಕೊಡಬೇಕಾಯ್ತು.

ಪರೀಕ್ಷೆ ಮಾಡಲಿಲ್ಲವೇ ಅಂತ ಕೇಳಬಹುದು. ಗುತ್ತಿಗೆದಾರ ಹಳದಿ ಬಣ್ಣ ಬರುವ ಹನಿಯ ಕಿಟ್ ಕೊಟ್ಟು ಹೋಗಿದ್ದ. ಅದು ಒಟ್ಟು ಕ್ಲೋರಿನ್ ತೋರಿಸುತ್ತದೆ. ಕೆಲಸಕ್ಕೆ ಬಾರದ ಕ್ಲೋರಮೈನ್ ಕೂಡ ಅದರಲ್ಲಿ ಸೇರಿರುತ್ತದೆ. ಹಾಗಾಗಿ ನೀರು ಕೆಟ್ಟಿದ್ದರೂ ಕಿಟ್ ಹಳದಿಯಾಗುತ್ತಿತ್ತು. ಬೇಕಾಗಿದ್ದು ಕೆಲಸ ಮಾಡುವ ಕ್ಲೋರಿನ್ ಎಷ್ಟಿದೆ ಅಂತ ಬೇರೆಯಾಗಿ ತೋರಿಸುವ, ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್. ಅದರಲ್ಲೂ ಒಂದು ಸೂಕ್ಷ್ಮವಿದೆ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣವೇ ಸುಟ್ಟುಹೋಗಿ ನೀರು ಬಣ್ಣವಿಲ್ಲದೆ ತಿಳಿಯಾಗಿ ಕಾಣುತ್ತದೆ. ಸೊನ್ನೆ ಅಂದುಕೊಂಡು ಮತ್ತಷ್ಟು ಸುರಿದೀರಿ, ಜೋಕೆ. ಅನುಮಾನ ಬಂದರೆ ಒಳ್ಳೆ ನೀರಿನಲ್ಲಿ ತೆಳು ಮಾಡಿ ಇನ್ನೊಮ್ಮೆ ನೋಡಿ.

ಇದಾದ ಮೇಲೆ ಗುತ್ತಿಗೆದಾರನ ಕಡೆಯ ಹುಡುಗ ಬಂದ. ಬ್ಲೀಚಿಂಗ್ ಪೌಡರ್ ಚೀಲವನ್ನೇ ಪೂಲ್‌ಗೆ ಸುರಿದ. ಮೊದಲೇ ಗಡಸು ನೀರು, ಅದರ ಮೇಲೆ ಆ ಪೌಡರಿನೊಳಗಿನ ಸುಣ್ಣ. ನೀರು ಹಾಲಿನಂತಾಯ್ತು. ಅಷ್ಟಕ್ಕೇ ಬಿಟ್ಟಿದ್ದರೆ ಸುಮ್ನೆ ದುಡ್ಡು ಹೋಯ್ತು ಅಂದುಕೊಳ್ಳುತ್ತಿದ್ದೆವು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಸಬೇಕು ಅಂತ, ತಳದಲ್ಲಿ ಬ್ಲೀಚಿಂಗ್ ಪೌಡರ್ ಉಳಿದಿದ್ದ ಅದೇ ಬಕೆಟ್ಟಿಗೆ ಆ್ಯಸಿಡ್ ಹಾಕಿದ. ಹಳದಿ-ಹಸಿರು ಹೊಗೆ ಎದ್ದಿತು. ಅದು ಕ್ಲೋರಿನ್ ಅನಿಲ. ಪಕ್ಕದಲ್ಲಿದ್ದ ನಮ್ಮ ಆಳು ಕೆಮ್ಮಿ ಕೆಮ್ಮಿ ಕುಸಿದು ಕೂತ. ವಿಜಯಪುರದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಆಕ್ಸಿಜನ್ ಕೊಟ್ಟು ಇಟ್ಟುಕೊಂಡರು. ಬಯಲಾಗಿತ್ತು, ಗಾಳಿ ಇತ್ತು. ಮುಚ್ಚಿದ ಪಂಪ್ ರೂಮಿನಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಮನಸ್ಸಾಗುವುದಿಲ್ಲ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಕಪಾಟಿನಲ್ಲಿ ಇಡಬೇಡಿ. ಒಂದರ ಬಕೆಟ್, ಮಗ್ ಇನ್ನೊಂದಕ್ಕೆ ಬಳಸಬೇಡಿ. ಕ್ಲೋರಿನ್ ಮಾತ್ರೆಗಳನ್ನೂ ಬ್ಲೀಚಿಂಗ್ ಪೌಡರನ್ನೂ ಕೂಡಿಸಬೇಡಿ, ಬೆಂಕಿ ಹತ್ತಬಹುದು. ಆ್ಯಸಿಡ್ ತೆಳು ಮಾಡುವಾಗ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರಲ್ಲ.

ಆದರೂ ಆ್ಯಸಿಡ್ ಬೇಡ ಅನ್ನುವಂತಿಲ್ಲ. ಸೆಲ್ ಓಡುತ್ತಿದ್ದರೆ ನೀರಿನ ಪಿಎಚ್ ತಾನಾಗಿ ಏರುತ್ತಾ ಹೋಗುತ್ತದೆ. 7.2ರಿಂದ 7.8ರ ನಡುವೆ ಇಡಬೇಕು. ಮೇಲೆ ಹೋದರೆ ಕ್ಲೋರಿನ್ ಮಂಕಾಗುತ್ತದೆ, ಗಡಸು ನೀರಿನ ಸುಣ್ಣ ಸೆಲ್‌ನ ತಗಡಿಗೆ ಕಟ್ಟುತ್ತದೆ. ನಮ್ಮ ಸೆಲ್‌ನಲ್ಲಿ ಕಟ್ಟಿದ ಬಿಳಿ ಪದರವನ್ನು ಆ ಹುಡುಗ ಸ್ಕ್ರೂಡ್ರೈವರಿನಿಂದ ಕೆರೆದ. ತಗಡಿನ ಮೇಲೆ ರುಥೇನಿಯಂನಂಥ ಬೆಲೆಬಾಳುವ ಲೋಹದ ಲೇಪ ಇರುತ್ತದೆ. ಅದು ಹೋದರೆ ಸೆಲ್ ಸತ್ತಂತೆಯೇ. ಡ್ರಿಪ್ ಪೈಪಿನ ಸುಣ್ಣ ತೆಗೆಯಲು ಆ್ಯಸಿಡ್ ಬಿಡುವುದು ಕಾಕಾನಿಗೆ ಗೊತ್ತಿತ್ತು. "ತಮ್ಮಾ, ಲ್ಯಾಟರಲ್ ಪೈಪ್ ಯಾರರ ಕೆರೀತಾರೇನು?" ಅಂತ ಆಮೇಲೆ ಬೈದುಕೊಂಡ. ತೆಳು ಆ್ಯಸಿಡ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಸುಣ್ಣ ತಾನೇ ಬಿಡುತ್ತದೆ. ವರ್ಷಗಟ್ಟಲೆ ಬರಬೇಕಾದ ಸೆಲ್ ಒಂದೇ ಬೇಸಿಗೆಗೆ ಹೋಯ್ತು. ವಾರಂಟಿ ಕೇಳಿದರೆ, ಗಡಸು ನೀರಿಗೆ ವಾರಂಟಿ ಇಲ್ಲ ಅಂದರು. ಚೀಟಿ ಮೇಲೆ ಬರೆದುಕೊಟ್ಟಿದ್ದ ಲೆಕ್ಕ, ಬಿಲ್ ಇಲ್ಲ.

ಸೆಲ್ ಹೋದ ಮೇಲೆ ತೇಲುವ ಡಬ್ಬಿಯಲ್ಲಿ ಕ್ಲೋರಿನ್ ಮಾತ್ರೆ ಇಟ್ಟರು. ಆ ಮಾತ್ರೆಯೊಳಗೇ ಸೈನೂರಿಕ್ ಆ್ಯಸಿಡ್ ಇರುತ್ತದೆ. ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಹೋದರೆ ಜೊತೆಗೆ 6 ಪಿಪಿಎಂ ಸೈನೂರಿಕ್ ಆ್ಯಸಿಡ್ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಉಳಿದುಬಿಡುತ್ತದೆ. ಮಳೆಗಾಲ ಬರುವಷ್ಟರಲ್ಲಿ 100 ದಾಟಿತ್ತು. ಇಲ್ಲದಿದ್ದರೆ ಬಿಸಿಲಿಗೆ ಕ್ಲೋರಿನ್ ನಾಶ, ಜಾಸ್ತಿಯಾದರೆ ಕ್ಲೋರಿನ್ನಿಗೆ ಪಾಚಿ ಕೊಲ್ಲುವ ಕಸುವು ಕುಗ್ಗುತ್ತದೆ. ಅದನ್ನು ಇಳಿಸಲು ಸುಲಭದ ದಾರಿ ಒಂದೇ, ನೀರು ಹೊರಗೆ ಬಿಡುವುದು. ಟ್ಯಾಂಕರ್ ನೀರಿಗೆ ಪರದಾಡುವ ಊರಲ್ಲಿ ಅರ್ಧ ಪೂಲ್ ಖಾಲಿ ಮಾಡಿದೆವು.

ಈಗ ಹೊಸ ಸೆಲ್ ಇದೆ. ದಿನಾ ಸಂಜೆ ಡಿಪಿಡಿ ಪರೀಕ್ಷೆ ಮಾಡುತ್ತೇವೆ. ಸ್ಟೆಬಿಲೈಜರ್ 70ರ ಸುತ್ತ ಇರುವಾಗ ಕ್ಲೋರಿನ್ 1 ಸಾಲದು, 3ರಿಂದ 5 ಇಡುತ್ತೇವೆ. ಅನುಮಾನ ಬಂದ ದಿನ ಸೆಲ್ ಬಂದ್ ಮಾಡಿ, ಸೂರ್ಯ ಮುಳುಗಿದ ಮೇಲೆ ಒಮ್ಮೆ, ಮೂಡುವ ಮೊದಲು ಒಮ್ಮೆ ಅಳೆಯುತ್ತೇವೆ. ಬಿಸಿಲಿಲ್ಲದ ರಾತ್ರಿಯಲ್ಲೂ 1 ಪಿಪಿಎಂಗಿಂತ ಜಾಸ್ತಿ ಇಳಿದರೆ ಒಳಗೆ ಪಾಚಿ ಶುರುವಾಗಿದೆ ಅಂತ ಲೆಕ್ಕ. ಆಗ ಸೆಲ್ ನಂಬಿ ಕೂರುವುದಿಲ್ಲ, ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ರೂಪದ ಕ್ಲೋರಿನ್) ದ್ರಾವಣ ಹಾಕುತ್ತೇವೆ. ಹೈಪೋ ಕೂಡ ನಮ್ಮ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಕ್ಯಾನ್‌ಗಟ್ಟಲೆ ತಂದು ಇಡಬೇಡಿ. ಉಪ್ಪು ಹಾಕುವಾಗ ಅಯೋಡಿನ್ ಇಲ್ಲದ ಶುದ್ಧ ಉಪ್ಪು ನೋಡಿ ತನ್ನಿ. ಸುತ್ತ ಹಾಸಿದ ಫರ್ಸಿ ಕಲ್ಲು ಕೂಡ ಉಪ್ಪಿಗೆ ಪದರ ಪದರವಾಗಿ ಏಳುತ್ತದೆ. ನೀರು ಚೆಲ್ಲಿದ ಜಾಗ ಒಳ್ಳೆ ನೀರಿನಿಂದ ತೊಳೆಯಿರಿ.

ಕಾಕಾನಿಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಫಿಲ್ಟರ್ ತೊಳೆದ ನೀರಿನ ಪೈಪನ್ನು ಗುತ್ತಿಗೆದಾರ ಸೀದಾ ದ್ರಾಕ್ಷಿ ಸಾಲಿಗೆ ಬಿಟ್ಟಿದ್ದ. ‘ನೀರು ವೇಸ್ಟ್ ಆಗಂಗಿಲ್ರಿ’ ಅಂತ ಅದನ್ನೂ ಹೆಮ್ಮೆಯಿಂದ ಹೇಳಿದ್ದ. ಆ ನೀರಿನ ಇಸಿ 6ರ ಆಸುಪಾಸು. ದ್ರಾಕ್ಷಿಗೆ ಮಣ್ಣಿನ ಇಸಿ 1.5 ದಾಟಿದರೇ ಇಳುವರಿ ಕುಗ್ಗತೊಡಗುತ್ತದೆ. ಪೂಲ್ ಪಕ್ಕದ ಬಳ್ಳಿಗಳ ಎಲೆಯಂಚು ಸುಟ್ಟಂತೆ ಕಂದಾದವು. ಈಗ ಆ ನೀರಿಗೆ ಬೇರೆ ಗುಂಡಿ ತೋಡಿ, ತಳಕ್ಕೆ ತಾಡಪತ್ರಿ ಹಾಸಿದ್ದೇವೆ. ತೋಟದಿಂದಲೂ ದೂರ, ಬೋರ್‌ನಿಂದಲೂ ದೂರ. ಪೂಲ್‌ಗೆ ಜಾಗ ಗುರುತು ಮಾಡುವ ದಿನವೇ ಈ ಗುಂಡಿಗೂ ಜಾಗ ಗುರುತು ಮಾಡಿಕೊಳ್ಳಿ, ಬೋರ್ ನೀರಿನ ರಿಪೋರ್ಟ್ ಬರುವವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.