ಜೇಬಿನ ಪಿಸ್ತೂಲು ಕೊಳ್ಳುವ ಮುಂಚೆ ನಮ್ಮನೆ ಅಕ್ಕಿ ಮೂಟೆಯ ಕಥೆ ಕೇಳಿ

ನಮ್ಮನೆ ಸೋನಾ ಮಸೂರಿ ಮೂಟೆಗೆ ಗುಂಡು ಹೊಡೆದವನು ನಾನೇ. ಕಳ್ಳ ಬಂದಿರಲಿಲ್ಲ, ಜಗಳವೂ ಆಗಿರಲಿಲ್ಲ. ಕೆಲಸದಿಂದ ಬಂದು ಪ್ಯಾಂಟಿನ ಜೇಬು ಖಾಲಿ ಮಾಡುತ್ತಿದ್ದೆ, ಅಷ್ಟೇ. ಅಮೆರಿಕದಲ್ಲಿದ್ದು, ಜೇಬಿಗೆ ಹಿಡಿಯುವ ಪುಟ್ಟ ಪಿಸ್ತೂಲು ತೆಗೆದುಕೊಳ್ಳೋಣ ಅಂತ ಯೋಚಿಸುತ್ತಿರುವ ಕನ್ನಡದವರಿಗಾಗಿ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಾನಿರುವುದು ಟೆಕ್ಸಸ್‌ನಲ್ಲಿ. ಗೆಳೆಯನ ಜೊತೆ ಪಾಲಿನಲ್ಲಿ ಒಂದು ಗ್ಯಾಸ್ ಸ್ಟೇಷನ್ ನಡೆಸುತ್ತೇನೆ. ರಾತ್ರಿ ಗಲ್ಲಾ ಎಣಿಸಿ, ಹಣದ ಚೀಲ ಹಿಡಿದು ಒಬ್ಬನೇ ಕಾರಿನ ತನಕ ನಡೆಯಬೇಕು. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿದ, ಕಾನೂನಿನ ತೊಡಕಿಲ್ಲದವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಪರ್ಮಿಟ್ ಬೇಡ ಅಂದರೆ ಕಲಿಯುವುದೂ ಬೇಡ ಅಂತ ನಾನು ಅರ್ಥ ಮಾಡಿಕೊಂಡೆ. ಮೇಲಿಂದ ಜಂಬ ಬೇರೆ. ನಮ್ಮೂರು ಸಕಲೇಶಪುರದ ಕಡೆ. ಅಜ್ಜ ಕಾಡುಹಂದಿ ಓಡಿಸಲು ಕೋವಿ ಹಿಡಿದು ಹೊರಟರೆ ಹಿಂದೆ ಟಾರ್ಚು ಹಿಡಿದು ಹೋಗುತ್ತಿದ್ದವನು ನಾನು. ನನಗೆ ಯಾರು ಏನು ಹೇಳಿಕೊಡಬೇಕು?

ಅಂಗಡಿಯಲ್ಲಿ ಅರ್ಧ ಗಂಟೆ ಕೂಡ ಕಳೆಯಲಿಲ್ಲ. .380 ಅನ್ನುವ ಅಳತೆಯ ತೋಟಾ ಹಾಕುವ ಅತಿ ಚಿಕ್ಕ ಪಿಸ್ತೂಲು. ಖಾಲಿ ಇದ್ದಾಗ 300 ಗ್ರಾಮಿಗೂ ಕಡಿಮೆ, ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಜೇಬಿಗೆ ಹಾಕಿ ನೋಡಿದೆ, ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಆಯ್ಕೆ ಮುಗಿಯಿತು. ಬಟ್ಟೆ ಅಂಗಡಿಯಲ್ಲಿ ಶರ್ಟು ಆರಿಸುವಷ್ಟೂ ತಲೆ ಓಡಿಸಲಿಲ್ಲ.

ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ ಹೋಗಿ ಹೊಡೆದು ನೋಡಿದ್ದು ದುಡ್ಡು ಕೊಟ್ಟ ಮೇಲೆ. ಗುಂಡು ಸಣ್ಣದು, ಒದೆತವೂ ಸಣ್ಣದಿರಬೇಕು ಅನ್ನುವುದು ನನ್ನ ಲೆಕ್ಕ. ಮೊದಲ ಗುಂಡಿಗೇ ಹೆಬ್ಬೆರಳ ಬುಡ ಉರಿಯಿತು. ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇಲ್ಲ, ಗಾಳಿಯಲ್ಲಿ ನೇತಾಡುತ್ತದೆ. ಗುರಿ ನೋಡುವ ಉಬ್ಬು ಸಾಸಿವೆ ಕಾಳಿನಷ್ಟಿದೆ. ನಳಿಗೆ ಮೂರು ಇಂಚೂ ಇಲ್ಲದ್ದರಿಂದ ಹಿಂದಿನ ಉಬ್ಬೂ ಮುಂದಿನದೂ ಅಕ್ಕಪಕ್ಕವೇ ಇದ್ದಂತೆ. ಕೈ ಕೂದಲೆಳೆಯಷ್ಟು ವಾಲಿದರೂ ಏಳು ಗಜದಾಚೆ ಗುಂಡು ಎಲ್ಲೋ ಹೋಗಿರುತ್ತದೆ. ಹತ್ತು ಹೊಡೆದೆ, ನಾಲ್ಕು ಕಾಗದದ ಅಂಚಿಗೆ ತಗುಲಿದವು. ನೋವಿಗೆ ಹೆದರಿ ಕೈ ಸಡಿಲ ಬಿಟ್ಟರೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಪೂರ್ತಿ ಹಿಂದೆ ಹೋಗದೆ, ಖಾಲಿ ಕೋಶ ಹೊರಬೀಳುವ ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಂಡಿತು. ಹೆಂಡತಿಗೆ ಸ್ಲೈಡ್ ಎಳೆಯಲಿಕ್ಕೇ ಆಗಲಿಲ್ಲ, ಸ್ಪ್ರಿಂಗು ಅಷ್ಟು ಬಿಗಿ.

ರೇಂಜಿನಲ್ಲಿ ಹೇಳಿಕೊಡುವ ಹಿರಿಯರೊಬ್ಬರು ಪಾಪ ಅನ್ನಿಸಿ, ಇದೇ ತೋಟಾ ಹಾಕುವ ತಮ್ಮ ಹಳೆಯ ಉಕ್ಕಿನ ಪಿಸ್ತೂಲು ಕೊಟ್ಟರು. ಯಾರೋ ಕೈ ಕುಲುಕಿದ ಹಾಗಿತ್ತು, ಅಷ್ಟೇ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ತೋಟಾ 1908ರಲ್ಲಿ ಕೋಲ್ಟ್ ಕಂಪನಿಯ ಜೇಬಿನ ಪಿಸ್ತೂಲಿನ ಜೊತೆ ಬಂದದ್ದು. ಆ ಕಾಲದ 'ಜೇಬಿನದು' ನನ್ನದರ ಎರಡು ಪಟ್ಟಿಗೂ ಹೆಚ್ಚು ತೂಗುತ್ತಿತ್ತು. ಒದೆತವನ್ನು ಆ ತೂಕ ನುಂಗಿಕೊಳ್ಳುತ್ತದೆ. ನನ್ನ ಆಟಿಕೆಯಲ್ಲಿ ನುಂಗಲು ಏನಿದೆ, ಎಲ್ಲ ಕೈಗೇ. ಐವತ್ತರ ಡಬ್ಬಿಯಲ್ಲಿ ಇಪ್ಪತ್ತು ಹೊಡೆದು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

ಇಷ್ಟಾದರೂ ಅದನ್ನೇ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ ಕೂಡ ಇಲ್ಲದೆ. ಮೂವತ್ತು ಡಾಲರ್ ಉಳಿಸಿದ ಜಾಣ! ಅದೇ ಜೇಬಿನಲ್ಲಿ ಕಾರಿನ ಕೀ, ಅಂಗಡಿಯ ಕೀ, ಊರ ಜಾತ್ರೆಯಲ್ಲಿ ಕೊಂಡ ಪುಟ್ಟ ಹಿತ್ತಾಳೆ ಗಂಟೆಯ ಕೀ ಚೈನು.

ಅವತ್ತು ಗರಾಜಿನಲ್ಲಿ ಪಿಸ್ತೂಲು ತೆಗೆದರೆ ಕೀ ಗೊಂಚಲೂ ಜೊತೆಗೇ ಬಂತು. ಚೈನು ಟ್ರಿಗರಿನ ಸುತ್ತ ಬಳೆ ಥರ ಸಿಕ್ಕಿಕೊಂಡಿತ್ತು. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ಗೊಂಚಲು. ನನ್ನ ಕಡೆಗೆ ಜಗ್ಗಿದೆ, ಬರಲಿಲ್ಲ. ಸಿಟ್ಟು ಬಂದು ಇನ್ನೊಮ್ಮೆ ಜೋರಾಗಿ ಜಗ್ಗಿದೆ. ಗಂಟೆ ಟಿಣ್ ಅಂದದ್ದು ನೆನಪಿದೆ, ಆಮೇಲೆ ಕಿವಿಯಲ್ಲಿ ಬರೀ ಗುಂಯ್. ಈ ಪಿಸ್ತೂಲಿಗೆ ಬೇರೆ ಸೇಫ್ಟಿ ಇರಲಿಲ್ಲ. ಟ್ರಿಗರನ್ನು ಉದ್ದಕ್ಕೆ ಎಳೆಯಬೇಕಾಗುತ್ತದೆ ಅನ್ನುವುದೊಂದೇ ತಡೆ. ಅಷ್ಟು ಉದ್ದ ನಾನೇ ಎಳೆದಿದ್ದೆ.

ಒಳಗಿಂದ ಓಡಿಬಂದ ಹೆಂಡತಿ, "ಏನ್ರೀ ಅದು, ಏನಾಯ್ತ್ರೀ?" ಅಂತ ಕೂಗುತ್ತಿದ್ದುದು ತುಟಿ ನೋಡಿ ಗೊತ್ತಾಯಿತು. ಮೂಟೆಯ ತೂತಿನಿಂದ ಅಕ್ಕಿ ಸಣ್ಣಗೆ ಸುರಿಯುತ್ತಿತ್ತು. ಸ್ಕೂಲಿನಿಂದ ಬಂದ ಮಗಳು ಶೂ ಬಿಚ್ಚಲು ದಿನಾ ಕೂರುವುದು ಆ ಮೂಟೆಯ ಮೇಲೆ.

ಮರುದಿನ ಆ ಹಿರಿಯರ ಹತ್ತಿರ ಒಯ್ದೆ. ಬಿಚ್ಚಿ ತೋರಿಸಿದರು. ಒಳಗೆಲ್ಲ ಜೇಬಿನ ಬಟ್ಟೆಯ ಜುಂಗು, ಎಣ್ಣೆಗೆ ಅಂಟಿ ಹಳೆ ದೀಪದ ಬತ್ತಿಯ ಹಾಗಿತ್ತು. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಯಾವಾಗಲೋ ಕೀಗಳು ಒತ್ತಿ, ಮ್ಯಾಗಜಿನ್ ಅರ್ಧ ಬೆರಳು ಕೆಳಗಿಳಿದಿತ್ತು. ಅಂದರೆ ನಳಿಗೆಯಲ್ಲಿದ್ದ ಒಂದು ಗುಂಡಿನ ನಂತರ ಎರಡನೆಯದು ಬರುತ್ತಲೇ ಇರಲಿಲ್ಲ. ಇದನ್ನು ನಂಬಿ ನಾನು ತಿಂಗಳುಗಟ್ಟಲೆ ಕತ್ತಲಲ್ಲಿ ಹಣದ ಚೀಲ ಹಿಡಿದು ನಡೆದಿದ್ದೇನೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜಿಗೆ ಹೋಗಿ. ಅಲ್ಲಿ ಒಂದು ಡಬ್ಬಿ ಪೂರ್ತಿ ಹೊಡೆದ ಮೇಲೂ ಇನ್ನೊಂದು ಹೊಡೆಯೋಣ ಅನ್ನಿಸಿದರೆ ಮಾತ್ರ ಅದು ನಿಮ್ಮದು. ಜೇಬೇ ಬೇಕು ಅಂದರೆ ಟ್ರಿಗರ್ ಪೂರ್ತಿ ಮುಚ್ಚುವ ಜೇಬಿನ ಹೋಲ್‌ಸ್ಟರ್ ಇರಲಿ, ಆ ಜೇಬಿಗೆ ಒಂದು ನಾಣ್ಯವನ್ನೂ ಹಾಕಬೇಡಿ. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಅನ್ನುವ ಪಿಸ್ತೂಲು ಬಂದಾಗಿನಿಂದ, ಹತ್ತು ಗುಂಡು ಹಿಡಿಯುವ 9 ಎಂಎಂ ಪಿಸ್ತೂಲುಗಳೇ ಅರ್ಧ ಕೆಜಿಯ ಆಸುಪಾಸಿನಲ್ಲಿ ಸಿಗುತ್ತವೆ. ಸೊಂಟಕ್ಕೆ ಕಟ್ಟಬೇಕು, ಅಂಗಿ ಸ್ವಲ್ಪ ಸಡಿಲ ಹೊಲಿಸಬೇಕು. ನಾನು ಅದಕ್ಕೂ ಇನ್ನೂ ಕೈ ಹಾಕಿಲ್ಲ, ಮೊದಲು ಪಾಠ ಮುಗಿಯಲಿ.

ಎಚ್1ಬಿ ಕೆಲಸದ ವೀಸಾದಲ್ಲಿರುವ ಹುಡುಗರಿಗೆ ಬೇರೆಯೇ ಮಾತು. ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, ಈ ವೀಸಾದಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಬಂದ ಗೆಳೆಯನ ಪಿಸ್ತೂಲನ್ನು "ಸ್ವಲ್ಪ ದಿನ ಇಟ್ಕೋ" ಅಂತ ಇಸಿದುಕೊಳ್ಳಲೂ ಬೇಡಿ. ಊರಿಗೆ ಹೊರಡುವವರು ಚೀಲದ ಮೂಲೆಮೂಲೆ ಕೊಡವಿ. ಮರೆತ ಒಂದೇ ಒಂದು ತೋಟಾ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೀಳಬಹುದು.

ಅಜ್ಜ ಜಗಲಿ ಹತ್ತುವ ಮುಂಚೆ ಕೋವಿ ಮಡಚಿ ತೋಟಾ ತೆಗೆದು ಅಂಗಳದಲ್ಲೇ ಎಣಿಸುತ್ತಿದ್ದರು. ಟಾರ್ಚು ಹಿಡಿದು ದಿನಾ ನೋಡಿದ್ದೇನೆ, ನೆನಪಾದದ್ದು ಈಗ.

ಆ ಅಕ್ಕಿಯನ್ನು ಎಸೆಯೋಣ ಅಂದೆ. ಹೆಂಡತಿ ಕೇಳಲಿಲ್ಲ, ಊರಿಂದ ತಂದ ಮೊರದಲ್ಲಿ ಹಾಕಿ ಕೂತಳು. ಮೂರನೇ ಮೊರಕ್ಕೆ ತಾಮ್ರದ ಬಣ್ಣದ ಗುಂಡು ಸಿಕ್ಕಿತು. ಕಲ್ಲು ಆರಿಸಿದ ಹಾಗೆ ಆರಿಸಿ ನನ್ನ ತಟ್ಟೆಯ ಪಕ್ಕ ಇಟ್ಟು, ಮಾತಾಡದೆ ಎದ್ದು ಹೋದಳು. ಆಮೇಲೆ ಏನನ್ನಿಸಿತೋ, ಇಡೀ ಮೂಟೆಯನ್ನು ಅವಳೇ ಹೊರಗೆ ಸುರಿದಳು.