ಯೂವರ್ಶನ್ ಬೈಬಲ್ ಆ್ಯಪ್: ಓದಿಗೆ ಸಾಕು, ನಡತೆಗೆ ಜೊತೆಗೊಂದು ನೋಟ್‌ಬುಕ್ ಬೇಕು

ಜಾಹೀರಾತಿಲ್ಲ, ಕಾಸು ಕೊಡಬೇಕಾಗಿಲ್ಲ, ದಿನಕ್ಕೊಂದು ವಚನ ತಾನಾಗಿ ಬರುತ್ತದೆ. ಅಮೆರಿಕದ ಲೈಫ್ ಚರ್ಚ್ 2008ರಲ್ಲಿ ಹೊರತಂದ ಈ ಆ್ಯಪ್ ಬಗ್ಗೆ ಸಾಮಾನ್ಯವಾಗಿ ಇಷ್ಟು ಹೇಳಿ ಮುಗಿಸುತ್ತಾರೆ. ಇಲ್ಲಿ ನೋಡಬೇಕಿರುವುದು ಬೇರೆ. ಓದಿದ್ದನ್ನು ಗಲ್ಲಾಪೆಟ್ಟಿಗೆಯ ಮುಂದೆ, ಕೂಲಿ ಕೊಡುವಾಗ, ಅಣ್ಣತಮ್ಮಂದಿರ ಜಗಳದಲ್ಲಿ ನಡೆಸಿಕೊಳ್ಳಲು ಇದು ಎಷ್ಟು ಒದಗುತ್ತದೆ?

ಮೊದಲು ಅನುವಾದ ಆರಿಸಿಕೊಳ್ಳಬೇಕು. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಜೆ.ವಿ. ಅನುವಾದ ಹಳೆಯ ಗತ್ತಿನದು, ದೇವರನ್ನು 'ಯೆಹೋವ' ಎನ್ನುತ್ತದೆ. ಸಿ.ಎಲ್. ಅನುವಾದದಲ್ಲಿ 'ಸರ್ವೇಶ್ವರ' ಎಂದಿದೆ, ಭಾಷೆಯೂ ಇಂದಿನದು. ಮನೆಮಂದಿಯೆಲ್ಲ ಕೂತು ಕೇಳುವಾಗ ಎರಡನೆಯದೇ ಸಲೀಸು. ಹುಡುಕಾಟ ನಡೆಯುವುದು ಆರಿಸಿದ ಅನುವಾದದೊಳಗೆ. ಹಾಗಾಗಿ ಒಂದರಲ್ಲಿ ಸಿಗದ ಪದವನ್ನು ಇನ್ನೊಂದರಲ್ಲಿ ಹುಡುಕಿ, ಆಮೇಲೆ ಹೋಲಿಸಿ ನೋಡುವ ಬಟನ್ ಒತ್ತಿ. ಒಂದೇ ವಚನ ಹಲವು ಅನುವಾದಗಳಲ್ಲಿ ಸಾಲಾಗಿ ಬರುತ್ತದೆ. ಆ್ಯಪ್‌ನ ಅತ್ಯುತ್ತಮ ಸೌಕರ್ಯ ಇದೇ, ಆದರೆ ಬಳಸುವವರು ಕಡಿಮೆ.

ದಿನದ ವಚನದ ವಿಷಯದಲ್ಲಿ ಎಚ್ಚರ ಬೇಕು. ಅದು ಕಿತ್ತು ತಂದ ಒಂದೇ ವಾಕ್ಯ. 'ಬಲ ಕೊಡುವಾತನಿಂದ ಎಲ್ಲವನ್ನೂ ಮಾಡಬಲ್ಲೆ' ಎನ್ನುವ ಫಿಲಿಪ್ಪಿ 4:13 ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರ ಸ್ಟೇಟಸ್‌ನಲ್ಲೂ ಕಾಣುತ್ತದೆ. 10ನೇ ವಚನದಿಂದ ಓದಿದರೆ ಗೊತ್ತಾಗುತ್ತದೆ, ಆ ಪತ್ರ ಬರೆದ ಪೌಲ ಅಲ್ಲಿ ಗೆಲುವಿನ ಮಾತಾಡುತ್ತಿಲ್ಲ, ಹಸಿವಿದ್ದರೂ ಹೊಟ್ಟೆ ತುಂಬಿದ್ದರೂ ಇದ್ದುದರಲ್ಲಿ ತೃಪ್ತನಾಗಿರಲು ಕಲಿತದ್ದನ್ನು ಹೇಳುತ್ತಿದ್ದಾನೆ. ವಚನದಿಂದ ಅಧ್ಯಾಯಕ್ಕೆ ಹೋಗುವುದು ಒಂದು ಒತ್ತಿನ ಕೆಲಸ. ಸೂಚನೆ ಬರುವ ಸಮಯವನ್ನೂ ಬದಲಿಸಬಹುದು. ಬೆಳಿಗ್ಗೆ ಆರಕ್ಕೆ ಬಂದದ್ದು ಹಾಲು, ತಿಂಡಿ, ಸ್ಕೂಲ್ ವ್ಯಾನಿನ ಗಡಿಬಿಡಿಯಲ್ಲಿ ಮರೆತೇಹೋಗುತ್ತದೆ. ರಾತ್ರಿ ಎಂಟೂವರೆಗೆ ಇಡಿ, ದಿನವನ್ನು ಹಿಂತಿರುಗಿ ನೋಡಲು ಅದೇ ಹೊತ್ತು.

ನಿಜವಾದ ಉಪಯೋಗ ಟಿಪ್ಪಣಿ ಮತ್ತು ಬಣ್ಣದ ಗುರುತುಗಳಲ್ಲಿದೆ. ಪುಸ್ತಕದ ಪ್ರಕಾರ ಅಲ್ಲ, ಸಂದರ್ಭದ ಪ್ರಕಾರ ಬಣ್ಣ ಕೊಡಿ. ದುಡ್ಡಿಗೆ ಹಳದಿ: ತಕ್ಕಡಿ, ತೂಕದ ಕಲ್ಲು ಸರಿಯಿರಬೇಕೆನ್ನುವ ಯಾಜಕಕಾಂಡ 19:35-36, ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆನ್ನುವ ಧರ್ಮೋಪದೇಶಕಾಂಡ 24:14-15. ಇದರ ಜೊತೆಗೆ ಶನಿವಾರದ ಬಟವಾಡೆಗೆ ಫೋನಿನಲ್ಲೇ ಒಂದು ಅಲಾರಂ. ನಾಲಿಗೆಗೆ ಹಸಿರು: ಮತ್ತಾಯ 5:37, ಯಾಕೋಬ 3. ಜಗಳಕ್ಕೆ ಕೆಂಪು, ಮತ್ತು ಇಲ್ಲಿ ಎರಡು ವಚನಗಳನ್ನು ಒಟ್ಟಿಗೇ ಇಡಬೇಕು. ಮತ್ತಾಯ 5:23-24ರಲ್ಲಿ ಮನಸ್ತಾಪ ಇರುವುದು ನಿಮ್ಮ ಸಹೋದರನಿಗೆ ನಿಮ್ಮ ಮೇಲೆ, 18:15ರಲ್ಲಿ ತಪ್ಪು ಮಾಡಿದ್ದು ಅವನು. ಎರಡರಲ್ಲೂ ಮೊದಲು ಎದ್ದು ಹೋಗಬೇಕಾದವರು ನೀವೇ. 18ನೇ ಅಧ್ಯಾಯದಲ್ಲಿ ಮೆಟ್ಟಿಲು ಮೂರು: ಒಬ್ಬರೇ ಹೋಗಿ ಮಾತಾಡುವುದು, ಒಪ್ಪದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯುವುದು, ಆಮೇಲೆ ಸಭೆ. ಎಡವುವುದು ಎಲ್ಲಿ ಅಂದರೆ ನೇರ ಮೂರನೇ ಮೆಟ್ಟಿಲಿಗೆ ಹಾರುವುದರಲ್ಲಿ. ಇವತ್ತಿನ ಲೆಕ್ಕದಲ್ಲಿ ಫ್ಯಾಮಿಲಿ ವಾಟ್ಸ್ಆ್ಯಪ್ ಗುಂಪಿಗೆ.

ಪ್ರಾರ್ಥನೆಯ ಪಟ್ಟಿಯನ್ನು ಸ್ನೇಹಿತರೊಂದಿಗೆ ಹಂಚಿಕೊಳ್ಳುವ ಅವಕಾಶವಿದೆ. ಹಂಚಬೇಡಿ, ಅಥವಾ ನಿಮ್ಮದನ್ನು ಮಾತ್ರ ಹಂಚಿ. 'ಅವರ ಮಗಳ ಸಂಸಾರ ಸರಿಯಿಲ್ಲವಂತೆ, ಪ್ರಾರ್ಥಿಸಿ' ಎಂಬುದು ಪ್ರಾರ್ಥನೆಯ ವೇಷ ತೊಟ್ಟ ಚಾಡಿ. ಟಿಪ್ಪಣಿ ಬರೆಯುವಾಗಲೂ ಅದು ಖಾಸಗಿಯಾಗಿದೆಯೇ ಎಂದು ಒಮ್ಮೆ ನೋಡಿ.

ಕನ್ನಡದಲ್ಲಿ ಓದಿನ ಯೋಜನೆಗಳು ಇಂಗ್ಲಿಷಿನಷ್ಟಿಲ್ಲ. ದಿನ ತಪ್ಪಿದರೆ ತಾರೀಕುಗಳನ್ನು ಮುಂದೆ ಸರಿಸಿಕೊಳ್ಳಬಹುದು, ಬಾಕಿ ತೀರಿಸಲು ಒಂದೇ ರಾತ್ರಿ ಆರು ಅಧ್ಯಾಯ ನುಂಗಬೇಕಿಲ್ಲ.

ದೊಡ್ಡ ಕೊರತೆ ಇರುವುದು ಸ್ಟ್ರೀಕ್‌ನಲ್ಲಿ. ಅದು ಎಣಿಸುವುದು ಆ್ಯಪ್ ತೆರೆದ ದಿನಗಳನ್ನು. ನೂರು ದಿನ ತಪ್ಪದೆ ತೆರೆದವರು ಆ ನೂರೂ ದಿನ ಕೆಲಸದವಳ ಸಂಬಳ ತಡ ಮಾಡಿದ್ದರೂ ಅಂಕಿ ನೂರೇ. ಈ ಆ್ಯಪ್ಗೆ ಐದಕ್ಕೆ ಮೂರೂವರೆ ಅಂಕ ಕೊಟ್ಟು, ಉಳಿದ ಒಂದೂವರೆ ಹಿಡಿದಿಡುವುದು ಇದಕ್ಕಾಗಿ.

ಇದಕ್ಕೆ ಮದ್ದು ಹಳೆಯದು, ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಆಗುವಂಥದ್ದು. ಲೊಯೋಲದ ಸಂತ ಇಗ್ನೇಷಿಯಸ್ ಅವರ 1548ರಲ್ಲಿ ಅಚ್ಚಾದ ಸಾಧನಾ ಕೈಪಿಡಿಯಲ್ಲಿ ಇದರ ವಿಧಾನವಿದೆ. ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷ ಆರಿಸಬೇಕು. ಬೆಳಿಗ್ಗೆ ಎದ್ದೊಡನೆ ಅದರ ಬಗ್ಗೆ ಎಚ್ಚರವಾಗಿರುವ ನಿರ್ಧಾರ. ಮಧ್ಯಾಹ್ನದ ಊಟದ ನಂತರ ಅಲ್ಲಿಯವರೆಗೆ ಎಷ್ಟು ಸಲ ಜಾರಿದೆವೋ ಅಷ್ಟು ಚುಕ್ಕೆ, ರಾತ್ರಿಯೂಟದ ನಂತರ ಎರಡನೆಯ ಗೆರೆಯಲ್ಲಿ ಮತ್ತೆ ಚುಕ್ಕೆ. ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ಮಧ್ಯಾಹ್ನದ್ದನ್ನು ರಾತ್ರಿಯದಕ್ಕೆ, ಈ ದಿನವನ್ನು ನಿನ್ನೆಗೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸಿ ನೋಡುವುದು. ಆ್ಯಪ್‌ನಲ್ಲಿ ಆ ದೋಷಕ್ಕೆ ತಕ್ಕ ವಚನ ಹುಡುಕಿ ನೋಟ್‌ಬುಕ್ಕಿನ ತಲೆಬರಹವಾಗಿ ಬರೆದುಕೊಂಡರೆ ಎರಡೂ ಒಂದಕ್ಕೊಂದು ಕೂಡುತ್ತವೆ.

'ಒಳ್ಳೆಯವನಾಗಬೇಕು' ಎಂಬುದಕ್ಕೆ ಚುಕ್ಕೆ ಇಡಲಾಗುವುದಿಲ್ಲ. 'ಸರಕು ಇಲ್ಲದಿದ್ದರೂ ನಾಳೆ ಬರುತ್ತೆ ಅನ್ನುವುದು', ಇದಕ್ಕೆ ಇಡಬಹುದು. ಮೊದಲ ಎರಡು ಮೂರು ದಿನ ಚುಕ್ಕೆಗಳು ಹೆಚ್ಚಾದರೆ ಗಾಬರಿ ಬೇಡ. ಕೆಟ್ಟಿದ್ದಲ್ಲ, ಈಗ ಕಣ್ಣಿಗೆ ಬೀಳುತ್ತಿದೆ ಅಷ್ಟೆ. ಗುರುವಾರದ ಹೊತ್ತಿಗೂ ಇಳಿಯದಿದ್ದರೆ ಆರಿಸಿಕೊಂಡದ್ದು ತೀರಾ ಅಗಲವಾಯಿತೆಂದು ಅರ್ಥ. 'ಸುಳ್ಳು' ಎಂದು ಬರೆದದ್ದನ್ನು 'ಫೋನಿನಲ್ಲಿ ಹೇಳುವ ಸುಳ್ಳು' ಎಂದು ಕಿರಿದು ಮಾಡಿ, ಭಾನುವಾರದಿಂದ ಹೊಸ ಹಾಳೆ.