ಇನ್‌ಕಾಯ್ಸ್ ಸಾಗರ ಮುನ್ಸೂಚನೆ: ಬೆಳಗಾವಿಯ ಮೀನು ವ್ಯಾಪಾರಿಯೊಬ್ಬರ ವಿಮರ್ಶೆ

ಕಾರವಾರ ಮತ್ತು ಗೋವಾದ ದೋಣಿಗಳು ನಾಳೆ ಕಡಲಿಗೆ ಇಳಿಯುತ್ತವೆಯೇ ಎಂಬುದು ಬೆಳಗಾವಿಯಲ್ಲಿ ಮೀನು ಮಾರುವ ನಮಗೆ ಇಂದೇ ತಿಳಿಯಬೇಕಾಗುತ್ತದೆ. ಅದಕ್ಕಾಗಿ ಹೈದರಾಬಾದಿನ ಇನ್‌ಕಾಯ್ಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ) ಸಂಸ್ಥೆ ನೀಡುವ ಸಾಗರ ಸ್ಥಿತಿಯ ಮುನ್ಸೂಚನೆಯನ್ನು ನಾನು ನೆಚ್ಚಿಕೊಂಡಿದ್ದೇನೆ. ಗಾಳಿಯ ವೇಗದ ಜೊತೆಗೆ, ಸ್ವೆಲ್ ಎನ್ನುವ ದೂರದ ಅಲೆಗಳ ಎತ್ತರ, ದಿಕ್ಕು ಹಾಗೂ ಎರಡು ಅಲೆಗಳ ನಡುವಿನ ಅವಧಿಯನ್ನು ಬೇರೆಯಾಗಿ ತೋರಿಸುವುದೇ ಈ ಸೇವೆಯ ದೊಡ್ಡ ಗುಣ. ಏಕೆಂದರೆ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಸ್ವೆಲ್, ಸಾವಿರಾರು ಕಿಲೋಮೀಟರ್ ಸಾಗಿ ಬಂದು, ನಮ್ಮ ಕರಾವಳಿಯಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ಅಪ್ಪಳಿಸಬಲ್ಲದು. 15 ಸೆಕೆಂಡ್ ಅವಧಿಯ ಅಲೆಗಳ ಗುಂಪು ಆಳ ಕಡಲಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರ್ ಕ್ರಮಿಸುವುದರಿಂದ ಕೆಲವು ದಿನ ಮೊದಲೇ ಎಚ್ಚರಿಸಲು ಅವಕಾಶವಿರುತ್ತದೆ. ಎತ್ತರ ಅಷ್ಟೇ ಇದ್ದರೂ ಅವಧಿ ಹೆಚ್ಚಿದಷ್ಟೂ ಅಲೆಯ ಬಲ ಹೆಚ್ಚು; ಹಾಗಾಗಿ ಅವಧಿ 8 ಸೆಕೆಂಡಿನಿಂದ 16ಕ್ಕೆ ಏರಿದ್ದು ಕಂಡರೆ, ಎತ್ತರ ಒಂದೇ ಮೀಟರ್ ಇದ್ದರೂ ನಾನು ಮರುದಿನದ ಆರ್ಡರ್ ಒಪ್ಪಿಕೊಳ್ಳುವಾಗ ಕೈ ಬಿಗಿ ಹಿಡಿಯುತ್ತೇನೆ.

ಹೊಸಬರು ಗಮನಿಸಬೇಕಾದದ್ದು ಇಷ್ಟು: ಅಲ್ಲಿ ನಮೂದಾಗುವ ಎತ್ತರವು ಅತಿ ಎತ್ತರದ ಮೂರನೇ ಒಂದು ಭಾಗದಷ್ಟು ಅಲೆಗಳ ಸರಾಸರಿಯಾಗಿದ್ದು, ಬಿಡಿ ಅಲೆಯೊಂದು ಅದರ ಇಮ್ಮಡಿಯೂ ಆಗಬಹುದು. ಚೋರ್ಲಾ ಘಾಟ್ ಇಳಿದು ಮಕ್ಕಳೊಂದಿಗೆ ಬೀಚಿಗೆ ಹೋಗುವ ನಮ್ಮೂರಿನವರು ಹೊರಡುವ ಮುನ್ನ ಎತ್ತರದ ಅಲೆಗಳ ಎಚ್ಚರಿಕೆಯನ್ನು ತಪ್ಪದೆ ನೋಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.